ಬೇಲಿಯ ಆಚೆ ಮಗ್ಗುಲು

ನಮ್ಮ ಕಡೆ ಹೊಸ ಮನೆ ಕಟ್ಟಿಸಿದವರನ್ನು ಬಂದವರೆಲ್ಲ ಮೊದಲು ಕೇಳುವುದು, "ಕಾಂಪೌಂಡ್ ಯಾವಾಗ ಕಟ್ಟಸ್ತೀರಿ?" ಎಂದು. ಅಡುಗೆಮನೆಗೆ ಬೆಳಕು ಬರುತ್ತದೆಯೇ, ನೀರಿಗೆ ಏನು ಮಾಡಿದಿರಿ ಎಂಬ ಮಾತೆಲ್ಲ ಆಮೇಲೆ. ರಾಯಚೂರಿನಲ್ಲಿ ನಾವು ಮನೆ ಕಟ್ಟಿಸಿದಾಗ ಕೈಯಲ್ಲಿದ್ದ ಹಣ ಸ್ಲ್ಯಾಬು ಹಾಕುವಷ್ಟರಲ್ಲೇ ಮುಗಿದಿತ್ತು. ಗೋಡೆ ಬೇಡ, ಗಿಡಗಳ ಬೇಲಿ ಸಾಕು ಎಂದು ನಾನು ಹೇಳಿದ್ದಕ್ಕೆ ಅರ್ಧ ಕಾರಣ ಹಣದ ಮುಗ್ಗಟ್ಟು, ಇನ್ನರ್ಧ ನನ್ನ ಹಟ.

ಬೇಲಿ ಎಂದ ಮೇಲೆ ಯಾವ ಗಿಡ ಎಂಬ ಪ್ರಶ್ನೆ ಬಂದೇ ಬರುತ್ತದೆ. ಆದರೆ ನನಗೆ ಅದಕ್ಕೂ ಮೊದಲು ಇನ್ನೊಂದು ಪ್ರಶ್ನೆ ಎದುರಾಯಿತು. ನಮ್ಮದು 40-60ರ ನಿವೇಶನ. ಅದರ ಉದ್ದದ ಅಂಚಿನಲ್ಲೇ ಒಂದು ಕಾಲುದಾರಿ ಹಾದುಹೋಗಿತ್ತು. ಹಿಂದಿನ ಗುಡಿಸಲುಗಳ ಹೆಂಗಸರು ಕೂಲಿಗೆ ಹೋಗುವುದು, ಮಕ್ಕಳು ಸಾಲಿಗೆ ಹೋಗುವುದು, ಒಬ್ಬ ಮುದುಕಿ ತನ್ನ ಏಳೆಂಟು ಆಡು ಹೊಡೆದುಕೊಂಡು ಹೋಗುವುದು ಎಲ್ಲ ಅದರ ಮೇಲೆಯೇ. ಲೇಔಟಿನ ನಕ್ಷೆಯಲ್ಲಿ ಆ ದಾರಿ ಇಲ್ಲ. ನೆಲದ ಮೇಲೆ ಮಾತ್ರ, ನಕ್ಷೆ ಬರೆಯುವುದಕ್ಕಿಂತ ಮೊದಲಿನಿಂದಲೂ ಇದೆ. ನಾನು ಬೇಲಿ ಹಾಕಿದರೆ ಅವರು ಮೂರು ಫರ್ಲಾಂಗು ಸುತ್ತಬೇಕು. ಕಾಯಿದೆ ಪ್ರಕಾರ ಜಾಗ ನನ್ನದು. ಕಾಯಿದೆಯನ್ನು ದಾಟಿ ಯೋಚಿಸುವ ಕರ್ಮ ನನಗೇಕೆ ಬೇಕಿತ್ತು ಎಂದು ನೀವು ಕೇಳಬಹುದು. ನಮ್ಮ ಮನೆಯವರೂ ಅದನ್ನೇ ಕೇಳಿದರು.

ದೇವದುರ್ಗ ತಾಲ್ಲೂಕಿನ ಹಳ್ಳಿಯಲ್ಲಿ ಕೆಲಸಕ್ಕೆ ಸೇರಿದಾಗ ನಾನು ಬೇಲಿಗಳನ್ನು ಹತ್ತಿರದಿಂದ ನೋಡಿದೆ. ಜಾಲಿಮುಳ್ಳು ಕಡಿದು ಒಟ್ಟಿದ ಬೇಲಿಯ ಮೇಲೆ ಎರಡು ಮಳೆಗೆ ತೊಂಡೆ, ಕಾಡುಹಾಗಲ, ಗುಲಗಂಜಿ ತಾವಾಗಿಯೇ ಹಬ್ಬುತ್ತಿದ್ದವು. ಹೊಲ ಯಾರದಾದರೂ ಆಗಲಿ, ಬೇಲಿಯ ಆಚೆ ಮಗ್ಗುಲಿನ ತೊಂಡೆ ದಾರಿಯವರದು. ಆ ಕಾಯಿ ಹರಿದದ್ದಕ್ಕೆ ಯಾರೂ ಯಾರನ್ನೂ ಬೈದದ್ದು ನಾನು ಕೇಳಲಿಲ್ಲ. ಮುಂದೆ ಮಾನ್ವಿಗೆ ವರ್ಗವಾಯಿತು. ಅಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರು. ಭತ್ತದ ಗದ್ದೆಗೆ ಒಂದೊಂದು ಗೇಣು ನೆಲವೂ ಬೇಕು. ನಾನಿದ್ದ ಕಡೆ ಬದುಗಳು ಸಣ್ಣವಾಗಿ, ಬೇಲಿಗಳು ಹೋಗಿ, ಬೇಲಿಯ ಮೇಲಿನದೂ ಹೋಯಿತು. ನೀರು ಬಂದದ್ದು ತಪ್ಪು ಎಂದು ನಾನು ಹೇಳುವುದಿಲ್ಲ. ನೀರಿಲ್ಲದ ಊರಿನ ಸಂಸಾರ ನೋಡಿದವರು ಹಾಗೆ ಹೇಳಲಾರರು. ಆದರೆ ತೊಂಡೆಕಾಯಿಯನ್ನು ದುಡ್ಡು ಕೊಟ್ಟು ಕೊಳ್ಳಬೇಕಾಗಿ ಬಂದವರ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ.

ಗಿಡದ ವಿಚಾರಕ್ಕೆ ಬರುತ್ತೇನೆ. ನರ್ಸರಿಯವನು ತೋರಿಸಿದ್ದು ಹಳದಿ ಎಲೆಯ ಡುರಾಂಟ. ದುರಂತ ಎಂದೇ ನನ್ನ ಕಿವಿಗೆ ಬಿತ್ತು. ಅದೂ, ಬೋಗನ್‌ವಿಲ್ಲಾ ಎಂಬ ಕಾಗದದ ಹೂವೂ, ಲಂಟಾನವೂ ಅಮೆರಿಕ ಖಂಡದವು. ಲಂಟಾನವನ್ನು ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿ ಕಲ್ಕತ್ತೆಯ ತೋಟಕ್ಕೆ ಅಂದಕ್ಕೆಂದು ತಂದರು; ಇಂದು ಅದು ನಮ್ಮ ಕಾಡುಗಳನ್ನು ಮುಚ್ಚಿಕೊಂಡಿದೆ. ಬಳ್ಳಾರಿ ಜಾಲಿಯ ಕತೆಯೂ ಹಾಗೆಯೇ. ಹೆಸರು ಪಕ್ಕದ ಜಿಲ್ಲೆಯದು, ಊರು ಅಮೆರಿಕ. 1877ರಲ್ಲಿ ಜಮೈಕಾದಿಂದ ಬೀಜ ತರಿಸಿ ಕಡಪ ಸೀಮೆಯಲ್ಲಿ ಹಾಕಿಸಿದರಂತೆ. ಈಗ ಕೆರೆಯಂಗಳ, ಹಳ್ಳದ ದಂಡೆ, ಬೀಳು ಹೊಲ ಎಲ್ಲ ಅದರದೇ.

ಹಾಗೆಂದು ಪರದೇಶಿ ಎಂದ ಮಾತ್ರಕ್ಕೆ ತಳ್ಳಿಬಿಡುವುದು ನನಗೆ ಸರಿಬರಲಿಲ್ಲ. ಮೆಣಸಿನಕಾಯಿಯೂ ಅಮೆರಿಕದಿಂದ ಬಂದದ್ದೇ, ಅದಿಲ್ಲದೆ ರಾಯಚೂರಿನವರು ಒಂದು ಹೊತ್ತು ಉಂಡಾರೆಯೇ? ಬಳ್ಳಾರಿ ಜಾಲಿಯ ಕಟ್ಟಿಗೆಯಿಂದಲೇ ಎಷ್ಟು ಮನೆಗಳ ಒಲೆ ಉರಿದಿದೆ. ನಾನೂ ಮದುವೆಯಾಗಿ ಈ ಊರಿಗೆ ಬಂದವಳೇ, ಇಲ್ಲಿ ಹುಟ್ಟಿದವಳಲ್ಲ. ಗಿಡ ಎಲ್ಲಿಂದ ಬಂತು ಎನ್ನುವುದಕ್ಕಿಂತ, ಬಂದ ಮೇಲೆ ಉಳಿದವುಗಳಿಗೆ ಜಾಗ ಬಿಟ್ಟಿತೇ ಎಂದು ಕೇಳುವುದು ಮೇಲು ಅನಿಸಿತು. ಆ ಲೆಕ್ಕದಲ್ಲಿ ಜಾಲಿಯೂ ಲಂಟಾನವೂ ಸೋಲುತ್ತವೆ. ಈ ನೆಲದ ಗಿಡಗಳು ಗೆಲ್ಲುವುದು ಇನ್ನೊಂದು ಕಾರಣಕ್ಕೆ: ಅವಕ್ಕೆ ಇಲ್ಲಿನ ಬಿಸಿಲು ಗೊತ್ತು, ಬಾರದ ಮಳೆಯೂ ಗೊತ್ತು.

ಇಲ್ಲಿನದೇ ಗಿಡದ ಬೇಲಿ ಎಂದರೆ ಅದು ಒಳ್ಳೆಯದೇ ಆಗಿರುತ್ತದೆ ಎಂದುಕೊಳ್ಳಬೇಡಿ. ಬ್ರಿಟಿಷರು ಉಪ್ಪಿನ ಸುಂಕ ತಪ್ಪಿಸಿಕೊಳ್ಳದಂತೆ ಉತ್ತರ ಹಿಂದುಸ್ಥಾನದ ಉದ್ದಕ್ಕೂ ಗಡಿರೇಖೆ ಎಳೆದು, ಅದರ ಒಂದು ಭಾಗದಲ್ಲಿ ಜೀವಂತ ಬೇಲಿ ಬೆಳೆಸಿದ್ದರು. ರೇಖೆಯ ಉದ್ದ 2000 ಮೈಲಿಗೂ ಹೆಚ್ಚು. ಕಾವಲಿಗೆ ಹತ್ತು ಸಾವಿರಕ್ಕೂ ಮೇಲ್ಪಟ್ಟು ಜನ. 1867ರಿಂದ ಅದನ್ನು ನೋಡಿಕೊಂಡವರು ಎ. ಓ. ಹ್ಯೂಮ್, ಮುಂದೆ 1885ರಲ್ಲಿ ಕಾಂಗ್ರೆಸ್ ಸ್ಥಾಪಿಸಿದವರಲ್ಲೊಬ್ಬರಾದ ಅದೇ ಹ್ಯೂಮ್. ಯಾವ ನೆಲಕ್ಕೆ ಯಾವ ಗಿಡ ಎಂದು ಪ್ರಯೋಗ ಮಾಡಿಸಿ ಅವರು ಹಾಕಿಸಿದ್ದು ಬಾರಿ, ಜಾಲಿ, ಕವಳಿ, ಕಳ್ಳಿ. ನಾವು ಸಣ್ಣವರಿದ್ದಾಗ ಹಣ್ಣು ಹರಿದು ತಿಂದ ಅದೇ ಬಾರಿ, ಅದೇ ಕವಳಿ! ಬಡವನ ಗಂಜಿಗೆ ಉಪ್ಪು ಹೋಗದಂತೆ ಅವು ನಿಂತವು. 1879ರಲ್ಲಿ ಆ ರೇಖೆಯನ್ನು ಕೈಬಿಟ್ಟರು, ಸುಂಕ ಮಾತ್ರ ಉಳಿಯಿತು. ಗಿಡ ಏನು ಮಾಡೀತು? ಹಾಕಿದವರ ಮನಸ್ಸಿನಂತೆ ನಿಂತಿತು.

ಇದನ್ನು ಓದಿದ ಮೇಲೆ ನಾನು ಬಹಳ ದಿನ ಮುಳ್ಳಿನ ಬಗ್ಗೆಯೇ ಯೋಚಿಸಿದೆ. ಬೇಲಿ ಹಾಕಿದ ಮೇಲೆ ಯಾರಿಗೋ ಬೇಡ ಎನ್ನಲೇಬೇಕು. ಆಡಿಗೆ ಬೇಡ ಎನ್ನದಿದ್ದರೆ ಕರಿಬೇವೂ ಇಲ್ಲ, ನುಗ್ಗೆಯೂ ಇಲ್ಲ. ಬೇಡ ಎನ್ನುವುದನ್ನು ಹೇಗೆ ಹೇಳುವುದು? ಗೋಡೆಯ ಮೇಲೆ ಗಾಜಿನ ಚೂರು ನೆಟ್ಟು ಹೇಳುವವರಿದ್ದಾರೆ. ಮುಳ್ಳೂ ಅದೇ ಭಾಷೆ, ಸ್ವಲ್ಪ ಮೆತ್ತಗೆ. ಆದರೆ ನಮ್ಮ ನೆಲದಲ್ಲಿ ಕಹಿಯಿಂದಲೇ ಬೇಡ ಎನ್ನುವ ಗಿಡಗಳೂ ಇವೆ. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆ ಇದ್ದರೂ ಆಡುಸೋಗೆಗೆ ಆಡುಮುಟ್ಟದ ಗಿಡ ಎಂದೇ ಹೆಸರು. ಲಕ್ಕಿಯ ಘಾಟಿಗೆ ಆಡು ಮೂತಿ ತಿರುವುತ್ತದೆ. ಬಂದರಿಕೆಯ ಅಂಟು ಎಲೆಯೂ ಅದಕ್ಕೆ ರುಚಿಸದು. ತಂಗಡಿಯನ್ನೂ ಬಹುಮಟ್ಟಿಗೆ ಬಿಟ್ಟುಬಿಡುತ್ತದೆ. ಇವುಗಳಲ್ಲಿ ಯಾವುದೂ ಮಗುವಿನ ಕಾಲಿಗೆ ರಕ್ತ ತರಿಸುವುದಿಲ್ಲ. ಸಂಸಾರದಲ್ಲಿ ಮೂವತ್ತು ವರ್ಷ ಕಳೆದ ಹೆಂಗಸಿಗೆ ಇದರ ಬೆಲೆ ಬೇರೆ ಹೇಳಬೇಕಾಗಿಲ್ಲ. ಗಾಯ ಮಾಡದೆ ಒಲ್ಲೆ ಎನ್ನುವುದನ್ನು ನಾವು ಎಷ್ಟು ತಡವಾಗಿ ಕಲಿಯುತ್ತೇವೆ! ಕೆಲವರು ಕಲಿಯುವುದೇ ಇಲ್ಲ.

ಕೊನೆಗೆ ಬೇಲಿಯನ್ನು ಅಂಚಿನಿಂದ ಮೂರಡಿ ಒಳಗೆ ಹಾಕುವುದೆಂದು ಹಟ ಹಿಡಿದೆ. ಅರವತ್ತಡಿ ಉದ್ದಕ್ಕೆ ಮೂರಡಿ ಎಂದರೆ 180 ಚದರಡಿ. ಮನೆಯವರು ಈಗಿನ ಧಾರಣೆಯಲ್ಲಿ ಗುಣಿಸಿ ತೋರಿಸಿದರು. ಪಕ್ಕದ ಮನೆಯ ವಕೀಲರು, "ಇವತ್ತು ದಾರಿ ಅಂತಾರ್ರೀ ಟೀಚರ್, ನಾಳೆ ಹಕ್ಕು ಅಂತಾರ" ಎಂದರು. ಅವರ ಮಾತು ಸುಳ್ಳಲ್ಲ. ಹಾಗೆ ಆಗಲೂಬಹುದು. ಆದರೆ ಅವರು ನಾಳೆ ಹಕ್ಕು ಅನ್ನಬಹುದು ಎಂಬ ಭಯಕ್ಕೆ ಇವತ್ತಿನ ನಡಿಗೆಯನ್ನು ಮುಚ್ಚುವುದು ನ್ಯಾಯ ಎಂದು ನನಗೆ ಇನ್ನೂ ಯಾರೂ ಒಪ್ಪಿಸಿಲ್ಲ.

ಹಾಕುವ ಕೆಲಸ ಹೆಚ್ಚೇನಿಲ್ಲ. ಬೇಸಗೆಯಲ್ಲೇ ಒಂದೂವರೆ ಅಡಿ ಆಳದ ಕಾಲುವೆ ತೋಡಿ ಬಿಸಿಲಿಗೆ ಬಿಟ್ಟೆವು. ಮೊದಲ ಒಳ್ಳೆಯ ಮಳೆ ಬಿದ್ದ ಮೇಲೆ ತಿಪ್ಪೆಗೊಬ್ಬರ ಬೆರೆಸಿ ಮುಚ್ಚಿ, ಎರಡಡಿಗೊಂದರಂತೆ ಹಚ್ಚಿದೆವು. ಲಕ್ಕಿ, ಆಡುಸೋಗೆಗೆ ಕಡ್ಡಿ ಸಾಕು. ತಂಗಡಿ, ಬಂದರಿಕೆಯ ಬೀಜ ಗಟ್ಟಿ, ಬಿಸಿನೀರಿನಲ್ಲಿ ನೆನೆಸಿ ಹಾಕಬೇಕು. ಮೊದಲ ಬೇಸಗೆ ವಾರಕ್ಕೊಮ್ಮೆ ನೀರು, ಆಮೇಲೆ ಅವುಗಳ ಪಾಡಿಗೆ ಅವು. ತಂಗಡಿ ಹೂಬಿಟ್ಟಾಗ ಆ ದಾರಿಯ ಮಕ್ಕಳು ಕೈತುಂಬ ಕಿತ್ತುಕೊಂಡು ಹೋಗುತ್ತಾರೆ. ಬಾಣಂತಿಯ ನೀರಿಗೆಂದು ಒಬ್ಬಾಕೆ ಲಕ್ಕಿ ಸೊಪ್ಪು ಕೇಳಿ ಒಯ್ದಳು. ಮುದುಕಿ ಮಾತ್ರ, "ಎಂಥ ಗಿಡ ಹಚ್ಚೀದಿಯವ್ವಾ, ನನ್ನ ಆಡಿಗೆ ಒಂದು ಬಾಯಿನೂ ಇಲ್ಲ" ಎಂದು ಗೊಣಗುತ್ತಾಳೆ. ಅವಳಿಗೆ ಕೊಡಬಹುದಾದ ಉತ್ತರ ನನ್ನಲ್ಲಿಲ್ಲ.

ದಾರಿ ತಿರುಗುವ ಮೂಲೆಯಲ್ಲಿ ಒಂಬತ್ತು ಗಿಡ ಒಣಗಿವೆ. ಈ ಸಲದ ಮಳೆಗೆ ಅಲ್ಲಿ ಕವಳಿ ಹಚ್ಚೋಣ, ಮುಳ್ಳಿದ್ದರೆ ಗಟ್ಟಿ ಎನ್ನುತ್ತಾರೆ ಮನೆಯವರು. ಕವಳಿ ಉಪ್ಪಿನಕಾಯಿ ನನಗೂ ಇಷ್ಟವೇ. ಆದರೆ ಸಾಲಿ ಮಕ್ಕಳು ಓಡುತ್ತ ತಿರುಗುವುದು ಅದೇ ಮೂಲೆಯಲ್ಲಿ. ಗುಂಡಿಗಳು ಇನ್ನೂ ಖಾಲಿ ಇವೆ.