ಹುಲ್ಲು ಮೇಯಿಸುವ ದೇವರು

ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೇ? ಈ ಗಾದೆಯನ್ನು ಕೇಳದ ಕಿವಿ ಕನ್ನಡ ನಾಡಿನಲ್ಲಿ ಇರಲಾರದು. ಮಳೆ ಕೈಕೊಟ್ಟ ವರ್ಷ ಬದುವಿನ ಮೇಲೆ ಕುಳಿತು ಬಾನನ್ನು ದಿಟ್ಟಿಸುವ ರೈತನೂ, ಕೈಹಿಡಿದವನನ್ನು ಮಣ್ಣಿಗೊಪ್ಪಿಸಿ ಎಳೆಯ ಮಕ್ಕಳೊಡನೆ ಉಳಿದ ತಾಯಿಯೂ, ಇದ್ದ ಕೆಲಸ ಹೋಗಿ ಪರವೂರಿಗೆ ಗಂಟು ಕಟ್ಟಿದ ತರುಣನೂ ಇದನ್ನೇ ಆಡಿ ಧೈರ್ಯ ತಂದುಕೊಂಡಿದ್ದಾರೆ. ಶಾಸ್ತ್ರಗ್ರಂಥಗಳನ್ನು ತೆರೆದು ನೋಡದ ಜನ ತಮ್ಮ ಆಸ್ತಿಕ್ಯದ ಸಾರವನ್ನೆಲ್ಲ ನಾಲ್ಕು ಮಾತಿನೊಳಗೆ ಅಡಗಿಸಿಟ್ಟ ಈ ನುಡಿಯನ್ನು, ಕ್ರೈಸ್ತನಾದ ನಾನು ಎಂದೂ ಪರಕೀಯವೆಂದು ಬಗೆದವನಲ್ಲ; ನಮ್ಮ ಮನೆಯಲ್ಲಿ ಸಂಜೆಯ ಪ್ರಾರ್ಥನೆ ಮುಗಿದ ಮೇಲೆ ಹಿರಿಯರು ಆಡುತ್ತಿದ್ದ ಮಾತುಗಳಲ್ಲಿ ಇದೂ ಒಂದಾಗಿತ್ತು.

ಆದರೆ ಈ ಗಾದೆಗೆ ಎರಡು ಪಾಠಗಳುಂಟು. ಕೆಲವರು ‘ಹುಲ್ಲು ಮೇಯಿಸುವನೇ’ ಎನ್ನುತ್ತಾರೆ. ಮತ್ತೆ ಕೆಲವರು ‘ಹುಲ್ಲು ಮೇಯಿಸದಿರುವನೇ’ ಎನ್ನುತ್ತಾರೆ. ನಡುವೆ ಇರುವುದು ಒಂದು ನಿಷೇಧ ಪ್ರತ್ಯಯ ಮಾತ್ರ. ಆದರೂ ಆ ಒಂದು ಪ್ರತ್ಯಯದಿಂದ ಆಡುವವನ ನಿಲುವೇ ಬದಲಾಗಿಬಿಡುತ್ತದೆ. ಮೊದಲನೆಯ ಪಾಠದಲ್ಲಿ ಮನುಷ್ಯನು ತನ್ನ ಮರ್ಯಾದೆಯನ್ನು ನೆನೆಯುತ್ತಾನೆ: ಹುಲ್ಲು ದನದ ಆಹಾರ, ನಾನು ದನವಲ್ಲ, ನನ್ನನ್ನು ಮನುಷ್ಯನನ್ನಾಗಿ ಹುಟ್ಟಿಸಿದವನು ನನ್ನ ಅಂತಸ್ತನ್ನು ಬಲ್ಲನಾದ್ದರಿಂದ ಅದಕ್ಕೆ ತಕ್ಕುದನ್ನೇ ಉಣಿಸುವನು. ಎರಡನೆಯದರಲ್ಲಿ ಅಂತಸ್ತಿನ ಸೊಲ್ಲೇ ಇಲ್ಲ: ಅನ್ನವಲ್ಲದಿದ್ದರೆ ಹುಲ್ಲಾದರೂ ಸರಿಯೆ, ಹುಟ್ಟಿಸಿದವನ ಕೈಯಿಂದ ಏನೋ ಒಂದು ಬಂದೇ ಬರುವುದು. ಪ್ರಾಯದಲ್ಲಿ ನಾನು ಮೊದಲನೆಯದೇ ಶುದ್ಧವಾದ ಪಾಠ, ಎರಡನೆಯದು ಬಾಯಿಂದ ಬಾಯಿಗೆ ಹೋಗುತ್ತ ಕೆಟ್ಟ ಪಾಠವೆಂದು ವಾದಿಸಿದ್ದುಂಟು. ಈಗ ಆ ವಾದದಲ್ಲಿ ನನಗೆ ಆಸಕ್ತಿಯಿಲ್ಲ. ಗಾದೆಯ ಶಬ್ದರೂಪದಲ್ಲಿ ಯಾವುದು ಮೂಲವೋ ಅದನ್ನು ಪಂಡಿತರು ನಿರ್ಣಯಿಸಲಿ. ಕ್ರಿಸ್ತನ ಅನುಯಾಯಿಯ ಹೃದಯಕ್ಕೆ ಹತ್ತಿರವಾದುದು ಎರಡನೆಯದೇ ಎಂದು ನನಗೆ ತೋರುತ್ತದೆ. ಏಕೆಂದರೆ ಹುಲ್ಲು ತನ್ನ ಅಂತಸ್ತಿಗೆ ಕಡಮೆಯಾದುದೆಂದು ತಿಳಿದ ಒಬ್ಬ ಮನುಷ್ಯನಿಗೆ ದೇವರು ನಿಜವಾಗಿಯೂ ಹುಲ್ಲು ಮೇಯಿಸಿದ ಕಥೆ ನಮ್ಮ ಸತ್ಯವೇದದಲ್ಲಿದೆ.

ದಾನಿಯೇಲನ ಗ್ರಂಥದ ನಾಲ್ಕನೆಯ ಅಧ್ಯಾಯದಲ್ಲಿ ಬರುವ ಆ ಮನುಷ್ಯನು ಸಾಮಾನ್ಯನಲ್ಲ. ಕ್ರಿಸ್ತಪೂರ್ವ 605ರಿಂದ 562ರವರೆಗೆ ಬಾಬೆಲನ್ನು ಆಳಿದ ನೆಬೂಕದ್ನೆಚ್ಚರ. ತನ್ನ ಅರಮನೆಯ ಮಾಳಿಗೆಯ ಮೇಲೆ ಅವನು ತಿರುಗಾಡುತ್ತಿದ್ದನು. ಕೆಳಗೆ ಹಬ್ಬಿದ್ದ ಮಹಾನಗರವನ್ನು ನೋಡಿ, ಇದೆಲ್ಲವೂ ತನ್ನ ಬಲದಿಂದ ತನ್ನ ಮಹಿಮೆಗಾಗಿ ತಾನೇ ಕಟ್ಟಿದ್ದಲ್ಲವೇ ಎಂದುಕೊಂಡನು. ಇದು ಬರಿಯ ಬಾಯಿಮಾತಾಗಿರಲಿಲ್ಲವೆಂಬುದಕ್ಕೆ ಸಾಕ್ಷಿ ಮಣ್ಣಿನಲ್ಲೇ ಉಳಿದಿದೆ. 1899ರಿಂದ 1917ರವರೆಗೆ ರಾಬರ್ಟ್ ಕೋಲ್ಡೆವೆ ಎಂಬ ಜರ್ಮನ್ ವಿದ್ವಾಂಸರು ಆ ಹಾಳೂರನ್ನು ಅಗೆಸಿದಾಗ, ರಾಜನ ಹೆಸರನ್ನೂ ಅವನ ತಂದೆಯ ಹೆಸರನ್ನೂ ಬೆಣೆಲಿಪಿಯಲ್ಲಿ ಒತ್ತಿದ ಇಟ್ಟಿಗೆಗಳು ಅಲ್ಲಿ ಎಣಿಕೆಗೆ ಮೀರಿ ಹರಡಿದ್ದವು. ಗೋಡೆ ಕಟ್ಟಿದ ಮೇಲೆ ಆ ಮುದ್ರೆ ಯಾರ ಕಣ್ಣಿಗೂ ಬೀಳದು. ಆದರೂ ಹಸಿಮಣ್ಣಿನ ಒಂದೊಂದು ತುಂಡಿನ ಮೇಲೂ ತನ್ನ ಹೆಸರಿರಬೇಕೆಂಬ ಹಂಬಲ. ಕಟ್ಟಿದವನು ನಾನು ಎಂಬ ಮಾತನ್ನು ನಾವೂ ಮನಸ್ಸಿನೊಳಗೆ ಎಷ್ಟು ಇಟ್ಟಿಗೆಗಳ ಮೇಲೆ ಒತ್ತಿರುವೆವೋ ಬಲ್ಲವರಾರು! ಮನೆ, ಮಕ್ಕಳ ವಿದ್ಯೆ, ಊರಿನಲ್ಲಿ ಗಳಿಸಿದ ಹೆಸರು, ಕಡೆಗೆ ದೇವಾಲಯಕ್ಕೆ ಕೊಟ್ಟ ಕಾಣಿಕೆಯೂ ಆ ಮುದ್ರೆಯಿಂದ ತಪ್ಪಿಸಿಕೊಳ್ಳುವುದಿಲ್ಲ.

ಮಾತು ಬಾಯಲ್ಲಿರುವಾಗಲೇ ರಾಜನ ಬುದ್ಧಿ ಅವನನ್ನು ಬಿಟ್ಟುಹೋಯಿತು. ಜನರ ನಡುವಿನಿಂದ ದೂಡಲ್ಪಟ್ಟು, ಎತ್ತುಗಳಂತೆ ಹುಲ್ಲು ಮೇಯುತ್ತ, ಆಕಾಶದ ಇಬ್ಬನಿಯಲ್ಲಿ ಮೈ ನೆನೆಯಿಸಿಕೊಳ್ಳುತ್ತ ಅವನು ಏಳು ಕಾಲಗಳನ್ನು ಕಳೆದನು. ಕೂದಲು ಹದ್ದಿನ ಗರಿಯಂತೆಯೂ ಉಗುರು ಹಕ್ಕಿಯ ಉಗುರಿನಂತೆಯೂ ಬೆಳೆದವು. ಇದನ್ನು ಬರಿಯ ದಂಡನೆಯೆಂದು ಓದುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಆ ಕಾಲದಲ್ಲೂ ಅವನು ಹಸಿವಿನಿಂದ ಸಾಯಲಿಲ್ಲ ಎಂಬುದನ್ನು ಗಮನಿಸತಕ್ಕದ್ದು. ಹುಟ್ಟಿಸಿದ ದೇವರು ಅವನಿಗೆ ಹುಲ್ಲು ಮೇಯಿಸಿದನು, ಮೇಯಿಸಿ ಬದುಕಿಸಿದನು. ಅವನು ಉತ್ತಿರಲಿಲ್ಲ, ಬಿತ್ತಿರಲಿಲ್ಲ, ಆ ಹುಲ್ಲಿನ ಒಂದೆಸಳಿನ ಮೇಲೂ ಅವನ ಮುದ್ರೆಯಿರಲಿಲ್ಲ. ಜೀವಮಾನದಲ್ಲಿ ಮೊದಲ ಬಾರಿಗೆ ತಾನು ಕಟ್ಟದೆ ಇದ್ದುದರಿಂದ ಅವನು ಪೋಷಿತನಾದನು. ಅವಧಿ ತೀರಿದಾಗ ಅವನು ಮಾಡಿದುದಾದರೂ ಏನು? ಕಣ್ಣೆತ್ತಿ ಆಕಾಶದ ಕಡೆ ನೋಡಿದನು, ಅಷ್ಟೆ. ಬುದ್ಧಿ ಮರಳಿ ಬಂದಿತು. ಮಾಳಿಗೆಯ ಮೇಲೆ ನಿಂತಿದ್ದಾಗ ಕಣ್ಣು ಕೆಳಗಿತ್ತು. ಹುಲ್ಲಿನ ನಡುವೆ ನಿಂತಾಗ ಮೇಲಕ್ಕೆ ಹೋಯಿತು.

ಹುಲ್ಲು ರಾಜನಿಗೆ ಅವಮಾನವಾದರೆ, ಅದೇ ಹುಲ್ಲು ಕುರಿಗೆ ಹಬ್ಬ. ಇಪ್ಪತ್ತಮೂರನೆಯ ಕೀರ್ತನೆಯನ್ನು ಬಾಲ್ಯದಿಂದ ಬಾಯಿಪಾಠ ಮಾಡಿರುವ ನಾವು, ಅದರಲ್ಲಿ ದೇವರನ್ನು ಕುರುಬನೆಂದು ಕರೆಯುವಾಗ ನಮ್ಮನ್ನು ಹುಲ್ಲು ಮೇಯುವ ಪ್ರಾಣಿಗಳೆಂದು ಒಪ್ಪಿಕೊಂಡಂತಾಯಿತೆಂಬುದನ್ನು ಮರೆತುಬಿಡುತ್ತೇವೆ. ಒಮ್ಮೆ ಗದಗಿನ ಕಡೆಯ ಎರೆಹೊಲಗಳಲ್ಲಿ, ಸುಗ್ಗಿ ಮುಗಿದ ಕಾಲದಲ್ಲಿ, ಒಂದು ಕುರಿಹಿಂಡಿನ ಬಳಿ ನಾನು ಬಹಳ ಹೊತ್ತು ನಿಂತಿದ್ದೆ. ಹೆಗಲ ಮೇಲೆ ಕರಿಯ ಕಂಬಳಿ ಹೊದ್ದ ಕುರುಬನು ಕೋಲೂರಿ ಒಂದೇ ಕಾಲ ಮೇಲೆ ಭಾರ ಬಿಟ್ಟು ನಿಂತಿದ್ದನು. ನೂರಾರು ಕುರಿಗಳಲ್ಲಿ ಒಂದರ ತಲೆಯೂ ಮೇಲಕ್ಕಿರಲಿಲ್ಲ. ಕೂಳೆಯ ನಡುವೆ ಉಳಿದ ಗರಿಕೆಯನ್ನು ತುಟಿಯಿಂದ ತಡವಿ, ಹಲ್ಲಿನಿಂದ ಕಡಿದೆಳೆಯುವ ಮೃದುವಾದ ಸದ್ದು ಹೊಲದ ತುಂಬ ಏಕವಾಗಿ ಕೇಳುತ್ತಿತ್ತು. ಅದೇ ಹಿಂಡಿನಲ್ಲಿದ್ದ ನಾಲ್ಕಾರು ಆಡುಗಳು ಮಾತ್ರ ಜಾಲಿಯ ಗಿಡಕ್ಕೆ ಮುಂಗಾಲು ಕೊಟ್ಟು ಹಿಂಗಾಲ ಮೇಲೆ ನಿಮಿರಿ, ಎಟುಕದ ಚಿಗುರಿಗೆ ಕೊರಳು ಚಾಚುತ್ತಿದ್ದವು. ಆಡು ಮುಟ್ಟದ ಸೊಪ್ಪಿಲ್ಲವೆಂಬುದು ಸರಿಯೆ. ಕ್ರಿಸ್ತನು ನ್ಯಾಯತೀರ್ಪಿನ ದಿನವನ್ನು ವರ್ಣಿಸುತ್ತ ಕುರಿಗಳನ್ನು ಬಲಕ್ಕೂ ಆಡುಗಳನ್ನು ಎಡಕ್ಕೂ ನಿಲ್ಲಿಸಿದಾಗ ಈ ನೋಟ ಅವನ ಮನಸ್ಸಿನಲ್ಲಿತ್ತೆಂದು ನಾನು ಹೇಳಲಾರೆ. ಆ ಅಧ್ಯಾಯದ ಅಭಿಪ್ರಾಯವೇ ಬೇರೆ. ಆದರೆ ಹುಲ್ಲು ಎದ್ದು ಬಂದು ಬಾಯಿಗೆ ಎಟುಕುವುದಿಲ್ಲವೆಂಬುದನ್ನೂ, ಕೊರಳು ಬಾಗಿದಲ್ಲಿಯೇ ಮೇವಿರುವುದೆಂಬುದನ್ನೂ ಆ ಹೊಲದಲ್ಲಿ ಕಂಡುಕೊಂಡೆ. ದೀನತೆಯನ್ನು ನಾವು ಸಾಧಿಸಬೇಕಾದ ಒಂದು ಸದ್ಗುಣವೆಂದು ಎಣಿಸಿ, ಸಾಧಿಸಿದೆವೆಂದು ಹಿಗ್ಗಿ, ಆ ಹಿಗ್ಗಿನಲ್ಲಿಯೇ ಅದನ್ನು ಕಳೆದುಕೊಳ್ಳುತ್ತೇವೆ. ಕುರಿಗೆ ಅಂಥ ಸಾಧನೆಯ ಯೋಚನೆಯೇ ಇಲ್ಲ. ಅದಕ್ಕೆ ಹಸಿವಾಗಿದೆ, ಆದಕಾರಣ ಅದು ಬಾಗಿದೆ.

ಇನ್ನು ಮಾರ್ಕನ ಸುವಾರ್ತೆಯ ಆರನೆಯ ಅಧ್ಯಾಯಕ್ಕೆ ಬಂದರೆ, ನಮ್ಮ ಗಾದೆಗೆ ಅಲ್ಲೊಂದು ಭಾಷ್ಯವೇ ಸಿಗುತ್ತದೆ. ಗಲಿಲಾಯದ ಸಮುದ್ರತೀರದ ನಿರ್ಜನ ಪ್ರದೇಶ, ಇಳಿಹೊತ್ತು, ಐದು ಸಾವಿರ ಗಂಡಸರ ಗುಂಪು. ಮಾರ್ಕನು ಮೊದಲು, ಈ ಜನ ಕುರುಬನಿಲ್ಲದ ಕುರಿಗಳಂತೆ ಯೇಸುವಿಗೆ ಕಂಡರೆಂದು ಹೇಳುತ್ತಾನೆ. ಸ್ವಲ್ಪ ಮುಂದೆ, ಅವರನ್ನು ಹಸಿರು ಹುಲ್ಲಿನ ಮೇಲೆ ಕುಳ್ಳಿರಿಸಿದರೆಂದು ಹೇಳುತ್ತಾನೆ. ಮಾತಿನಲ್ಲಿ ಬಹು ಜಿಪುಣನಾದ ಈ ಸುವಾರ್ತಿಕನು ಹುಲ್ಲಿನ ಬಣ್ಣವನ್ನೇಕೆ ಹೇಳಿದನು? ಅದು ಪಸ್ಕಹಬ್ಬ ಸಮೀಪಿಸಿದ ಕಾಲವೆಂದು ಯೋಹಾನನು ತಿಳಿಸುತ್ತಾನೆ. ಮಳೆಗಾಲ ಕಳೆದು ಬೇಸಗೆ ಇನ್ನೂ ಸುಡದ ಆ ದಿನಗಳಲ್ಲಿ ಮಾತ್ರ ಅಲ್ಲಿಯ ಗುಡ್ಡಗಳು ಹಸಿರಾಗಿರುವುವು. ಕಣ್ಣಾರೆ ಕಂಡವನ ನೆನಪಿನ ಗುರುತು ಅದಾಗಿರಬಹುದು. ಆದರೆ ಕುರುಬನೂ, ಕುರಿಗಳೂ, ಹಸಿರು ಹುಲ್ಲೂ ಒಂದೆಡೆ ಕೂಡಿದಾಗ ಪುರಾತನ ಕೀರ್ತನೆ ಕಣ್ಣೆದುರು ನಡೆಯುತ್ತಿರುವಂತೆ ತೋರದಿರದು. ನಿಂತವರಿಗೆ ಆ ಊಟವಿಲ್ಲ. ಕುಳಿತುಕೊಳ್ಳಬೇಕು, ಬರಿಗೈಯಲ್ಲಿ ಕಾಯಬೇಕು. ಶಿಷ್ಯರ ಕೈಯಲ್ಲಿದ್ದುದು ಐದು ಜವೆಗೋದಿಯ ರೊಟ್ಟಿ, ಎರಡು ಮೀನು. ಅದು ಸಾಲದೆಂಬ ಲೆಕ್ಕ ಅವರಿಗೆ ಚೆನ್ನಾಗಿ ಗೊತ್ತಿತ್ತು. ಸಾಲದ್ದನ್ನೇ ತಂದು ಅವನ ಕೈಗೆ ಒಪ್ಪಿಸಿದುದಷ್ಟೇ ಅವರ ಪಾಲಿನ ಕೆಲಸ.

ಇಲ್ಲಿ ಒಂದು ಆಕ್ಷೇಪಣೆಗೆ ಉತ್ತರ ಕೊಡದೆ ಮುಂದುವರಿಯುವಂತಿಲ್ಲ. ಗಾದೆಯನ್ನು ಹೇಳಿಕೊಂಡು ಜಗಲಿಯ ಮೇಲೆ ಮಲಗುವ ಸೋಮಾರಿಯನ್ನು ಎಲ್ಲರೂ ಕಂಡಿದ್ದಾರೆ. ಆದರೆ ಕುರಿಯಾದರೂ ದಿನವಿಡೀ ನಡೆದೇ ಮೇಯುತ್ತದೆ. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ಮನ್ನವು ಗುಡಾರದ ಹೊರಗೆ ನೆಲದ ಮೇಲೆ ಬೀಳುತ್ತಿತ್ತೇ ಹೊರತು ಬಾಯೊಳಗಲ್ಲ. ಬೆಳಗಿನಲ್ಲಿ ಎದ್ದು, ಸೊಂಟ ಬಾಗಿಸಿ, ತಲೆಗೊಂದು ಓಮೆರಿನಂತೆ ಆಯ್ದು ತರಬೇಕಾಗಿತ್ತು. ನಾಳೆಗೆಂದು ಮುಚ್ಚಿಟ್ಟದ್ದು ಹುಳ ಬಿದ್ದು ನಾರಿತು. ಗುಡಾರಗಳನ್ನು ಹೊಲಿದು ಜೀವಿಸಿದ ಪೌಲನಂತೂ, ದುಡಿಯಲೊಲ್ಲದವನಿಗೆ ಊಟದ ಹಕ್ಕಿಲ್ಲವೆಂದು ಥೆಸಲೊನೀಕದವರಿಗೆ ಖಂಡಿತವಾಗಿ ಬರೆದನು. ಅದೇ ಪೌಲನು ಕೊರಿಂಥದವರನ್ನು, ನಿಮ್ಮಲ್ಲಿರುವುದರಲ್ಲಿ ದಾನವಾಗಿ ಬಾರದಿರುವುದು ಯಾವುದೆಂದು ಕೇಳಿದನು. ಕೈ ದುಡಿಯಬೇಕು, ಆದರೆ ಆ ಕೈಯೂ ಹೊರಗಿನಿಂದ ಬಂದದ್ದೇ.

ಈ ಎರಡನ್ನೂ ಒಂದೇ ಬಾಳಿನಲ್ಲಿ ನೋಡಬಯಸುವವರು ಜಾರ್ಜ್ ಮುಲ್ಲರರ ಚರಿತ್ರೆಯನ್ನು ಓದಬೇಕು. ಪ್ರಷ್ಯದಲ್ಲಿ 1805ರಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲಸಿದ ಅವರು, ದೇವಾಲಯದ ಆಸನಗಳನ್ನು ಬಾಡಿಗೆಗೆ ಕೊಟ್ಟು ಬಂದ ಹಣದಿಂದ ಬೋಧಕನಿಗೆ ಸಂಬಳ ಕೊಡುವ ಪದ್ಧತಿ ಬಡವನನ್ನು ಹಿಂದಿನ ಸಾಲಿಗೆ ತಳ್ಳುತ್ತದೆಂದು ಮನಗಂಡು, 1830ರಲ್ಲಿ ಆ ಸಂಬಳವನ್ನೇ ಬಿಟ್ಟರು. 1836ರಲ್ಲಿ ಬ್ರಿಸ್ಟಲ್ ನಗರದಲ್ಲಿ ಅನಾಥಾಲಯವನ್ನು ತೆರೆದರು. ಬೇಕಾದುದನ್ನು ದೇವರಲ್ಲಿ ಮಾತ್ರ ಕೇಳುವುದು, ಮನುಷ್ಯರಲ್ಲಿ ಯಾರನ್ನೂ ಬೇಡದಿರುವುದು ಅವರ ನೇಮ. 1898ರಲ್ಲಿ ತೀರಿಕೊಳ್ಳುವ ವೇಳೆಗೆ 10,000ಕ್ಕೂ ಹೆಚ್ಚು ಮಕ್ಕಳು ಆ ಮನೆಗಳಲ್ಲಿ ಬೆಳೆದಿದ್ದರು. ನನ್ನ ಮನಸ್ಸನ್ನು ಹಿಡಿದಿರುವುದು ಈ ದೊಡ್ಡ ಸಂಖ್ಯೆಯಲ್ಲ. ಬಂದ ಒಂದೊಂದು ಕಾಸಿಗೂ ಲೆಕ್ಕವಿಟ್ಟು ವರದಿಯನ್ನು ಅಚ್ಚು ಹಾಕಿಸುತ್ತಿದ್ದ ಆ ಮನುಷ್ಯರು, 1841ರ ಕೊನೆಯಲ್ಲಿ ಕೊರತೆ ತೀವ್ರವಾಗಿದ್ದಾಗ, ಅದನ್ನು ಓದಿ ಜನರು ಮರುಗಿ ಕೊಟ್ಟಾರೆಂಬ ಕಾರಣದಿಂದಲೇ ವರದಿಯನ್ನು ಮುಂದಕ್ಕೆ ಹಾಕಿದರು. ಕೇಳದೆಯೇ ಕೇಳಿದಂತಾಗುವ ಆ ಸೂಕ್ಷ್ಮವಾದ ಬೇಡಿಕೆಯನ್ನೂ ಅವರು ತಮಗೆ ನಿಷೇಧಿಸಿಕೊಂಡರು. ನಮ್ಮಲ್ಲಿ ಎಷ್ಟು ಮಂದಿಯ ದೈವನಿಷ್ಠೆ ಇಷ್ಟು ಕಟ್ಟುನಿಟ್ಟಾಗಿದೆ? ನನ್ನದಂತೂ ಅಲ್ಲ.

ಗಾದೆಯ ಪರಮಾರ್ಥ ಮಾತ್ರ ಬೇತ್ಲೆಹೇಮಿನಲ್ಲಿದೆ. ಹುಟ್ಟಿಸಿದ ದೇವರು ತಾನೇ ಹುಟ್ಟಿ ಬಂದಾಗ ಅವನನ್ನು ಮಲಗಿಸಿದ್ದು ಗೋದಲಿಯಲ್ಲಿ. ಎಂದರೆ, ದನಗಳು ಹುಲ್ಲು ಮೇಯುವ ಬಾನಿಯಲ್ಲಿ. ಛತ್ರದಲ್ಲಿ ಸ್ಥಳವಿರಲಿಲ್ಲವೆಂದು ಲೂಕನು ಕಾರಣ ಕೊಡುತ್ತಾನೆ. ಬೇತ್ಲೆಹೇಮ್ ಎಂಬ ಹೆಸರಿಗೆ ಇಬ್ರಿಯ ಭಾಷೆಯಲ್ಲಿ ರೊಟ್ಟಿಯ ಮನೆಯೆಂದು ಅರ್ಥ. ರೊಟ್ಟಿಯ ಮನೆಗೆ ಬಂದವನಿಗೆ ಹುಲ್ಲಿನ ಹಾಸಿಗೆ. ಮನುಷ್ಯನಿಗೆ ಹುಲ್ಲು ತಕ್ಕುದಲ್ಲವೆಂದು ನಾವು ವಾದಿಸುತ್ತಿರುವಾಗ, ದೇವರು ಆ ವಾದಕ್ಕೆ ಉತ್ತರ ಕೊಡದೆ ಹುಲ್ಲಿನ ಮೇಲೆಯೇ ಬಂದು ಮಲಗಿದನು. ತಾಯಿಯ ಹಾಲಿಗಾಗಿ ಅತ್ತನು. ಪರಾಧೀನತೆಯೆಂಬುದು ಹೀನವಾದ ಸ್ಥಿತಿಯಾಗಿದ್ದರೆ ಅದನ್ನು ಅವನು ವರಿಸುತ್ತಿರಲಿಲ್ಲ.

ಇಷ್ಟಕ್ಕೂ ನಾವು ಉಣ್ಣುವುದಾದರೂ ಏನು? ಸಸ್ಯಶಾಸ್ತ್ರಜ್ಞರನ್ನು ಕೇಳಿದರೆ ಭತ್ತ, ಗೋಧಿ, ರಾಗಿ, ಜೋಳ, ಜವೆ ಎಲ್ಲವೂ ಹುಲ್ಲಿನ ಕುಲಕ್ಕೇ ಸೇರಿದವೆನ್ನುತ್ತಾರೆ. ಕರ್ತನ ಭೋಜನದ ರೊಟ್ಟಿಯೂ ಆ ಕುಲದ ಕಾಳಿನಿಂದಲೇ ಆದದ್ದು. ಇದನ್ನು ಮೊದಲು ಓದಿದ ದಿನ ನನಗೆ ನಮ್ಮ ಅಜ್ಜಿಯ ನೆನಪಾಯಿತು. ಸೆಪ್ಟೆಂಬರ್ 8ರಂದು, ಮರಿಯಮ್ಮನವರ ಜನ್ಮದಿನದಲ್ಲಿ, ನಮ್ಮ ಕರಾವಳಿಯ ಕಥೋಲಿಕರು ತೆನೆಹಬ್ಬವನ್ನು ಆಚರಿಸುತ್ತಾರೆ. ಮೊಂತಿ ಹಬ್ಬವೆಂದೂ ಅದನ್ನು ಕರೆಯುತ್ತಾರೆ. ಹೊಸ ಪೈರಿನ ತೆನೆಗಳನ್ನು ಇಗರ್ಜಿಯಲ್ಲಿ ಪಾದ್ರಿಗಳು ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ನಮ್ಮ ಪಾಲಿನದನ್ನು ಅಜ್ಜಿ ಸೆರಗಿನಲ್ಲಿ ಸುತ್ತಿ ತರುತ್ತಿದ್ದಳು. ಒದ್ದೆ ಕೈಯನ್ನು ಒರೆಸಿಕೊಂಡು, ಅಲ್ತಾರಿನ ದೀಪದ ಮುಂದೆ ಕುಳಿತು, ಹಸಿಭತ್ತದ ಸಿಪ್ಪೆಯನ್ನು ಉಗುರಿನಿಂದ ಒಂದೊಂದಾಗಿ ಸುಲಿಯುತ್ತಿದ್ದಳು. ಒಳಗಿನ ಅಕ್ಕಿ ಇನ್ನೂ ಹಾಲಿನಂತೆ ಮೆತ್ತಗಿರುತ್ತಿತ್ತು. ಮನೆಯವರ ತಲೆ ಎಣಿಸಿ, ಅಷ್ಟು ಕಾಳುಗಳನ್ನು ಅರೆದು ಪಾಯಸಕ್ಕೆ ಬೆರೆಸುವಳು. ಮುಂಬಯಿಯಲ್ಲಿದ್ದ ಚಿಕ್ಕಪ್ಪನಿಗೆಂದು ನಾಲ್ಕು ಕಾಳುಗಳನ್ನು ಕಾಗದದಲ್ಲಿ ಮಡಿಸಿ ಲಕೋಟೆಗೆ ಹಾಕುವಳು. ಆಮೇಲೆ ಕಾಳು ಬಿಡಿಸಿದ ದಂಟನ್ನೂ ಹೊಟ್ಟನ್ನೂ ಎರಡೂ ಕೈಗಳಲ್ಲಿ ಬಳಿದುಕೊಂಡು ನನ್ನನ್ನು ಕರೆದು, “ಹೋಗು ಮಗಾ, ಇದನ್ನು ಹಟ್ಟಿಯಲ್ಲಿ ಹಾಕಿ ಬಾ, ಅವಳಿಗೂ ಇವತ್ತು ಹಬ್ಬವಲ್ಲವೇ” ಎನ್ನುವಳು. ನಾನು ಹೋಗಿ ಬಾನಿಯಲ್ಲಿ ಹಾಕಿದೊಡನೆ ನಮ್ಮ ಕಪ್ಪು ಹಸು ಕೊರಳು ಬಾಗಿಸುತ್ತಿತ್ತು; ಒಳಗೆ ಎಲೆ ಹಾಕುವ ಸದ್ದು ಕೇಳುತ್ತಿತ್ತು.