ಮಾತು ಆಡಿದರೆ ಹೋಯಿತು

‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.’ ಗಾದೆ ಪುಸ್ತಕದಲ್ಲಿ ಹೀಗಿದೆ. ಹುಬ್ಬಳ್ಳಿಯ ಉಣಕಲ್ಲಿನ ನಮ್ಮ ಮನೆಯಲ್ಲಿ ಅವ್ವ ಇದನ್ನು ‘ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು’ ಅನ್ನುತ್ತಿದ್ದಳು. ಅದೂ ಮಾತು ಆಡಿ ಮುಗಿದ ಮೇಲೆ, ಅಂದರೆ ಗಾದೆಯಿಂದ ಯಾವ ಉಪಯೋಗವೂ ಇಲ್ಲದ ಹೊತ್ತಿಗೆ. ಅತ್ತಿಯ ಹೊಸ ಸೀರೆ ನೋಡಿ ನಾನೇನೋ ಅಂದು, ಆಕೆ ಮುಖ ಊದಿಸಿಕೊಂಡು ಉಣಕಲ್ ಕ್ರಾಸಿನಲ್ಲಿ ಬಸ್ಸು ಹತ್ತಿದ ದಿನ ಈ ಗಾದೆ ನನ್ನ ಮೇಲೆ ಮೂರು ಸಲ ಬಿತ್ತು.

ನಾಲಿಗೆ ಬಿಗಿ ಇರಲಿ ಎಂಬುದೇ ಇದರ ಅರ್ಥ ಅಂತ ಶಾಲೆಯಲ್ಲಿ ‘ಗಾದೆ ವಿಸ್ತರಿಸಿ’ ಎಂಬ ಪ್ರಶ್ನೆಗೆ ಬರೆದು ಅಂಕ ತಗೊಂಡವರಲ್ಲಿ ನಾನೂ ಒಬ್ಬ. ತಪ್ಪೇನಲ್ಲ. ಆದರೆ ಗಾದೆಯ ಭಾರವೆಲ್ಲ ‘ಹೋಯಿತು’ ಎಂಬ ಒಂದು ಶಬ್ದದ ಮೇಲೆ ನಿಂತಿದೆ, ಅದನ್ನು ಯಾವ ಮಾಸ್ತರೂ ತೋರಿಸಲಿಲ್ಲ. ಕನ್ನಡದಲ್ಲಿ ‘ಹೋಗು’ವಿನಷ್ಟು ದುಡಿಯುವ ಕ್ರಿಯಾಪದ ಇನ್ನೊಂದಿಲ್ಲ. ಬಸ್ಸು ಹೋಯಿತು, ಕರೆಂಟು ಹೋಯಿತು, ಮಾನ ಹೋಯಿತು, ಅಜ್ಜ ಹೋದ. ಬಸ್ಸು ಹೋದರೆ ಇನ್ನೊಂದು ಊರು ಮುಟ್ಟುತ್ತದೆ. ಕರೆಂಟು ಹೋದರೆ ತಾಸೆರಡು ತಾಸಿಗೆ ಬರುತ್ತದೆ. ಮಾನ ಹೋದರೆ ಹೋಯಿತು. ಅಜ್ಜ ಎಲ್ಲಿಗೆ ಹೋದ ಎಂದು ಕೇಳಿದರೆ ಮನೆಯ ಹಿರಿಯರು ಜಂತಿಯ ಕಡೆ ನೋಡುತ್ತಿದ್ದರು.

ಗಾದೆಯಲ್ಲಿರುವ ಎರಡು ‘ಹೋಯಿತು’ ಒಂದೇ ಅಲ್ಲ ಎಂಬುದು ನನ್ನ ತಕರಾರು. ಬಂಗಾರ ಮುರಿದರೆ ಪತ್ತಾರನ ಹತ್ತಿರ ಒಯ್ಯಬಹುದು. ಕರಗಿಸಿ ಇನ್ನೊಂದು ಮಾಡಿಕೊಡುತ್ತಾನೆ, ತೂಕದಲ್ಲಿ ಒಂದಿಷ್ಟು ತಾನೂ ಇಟ್ಟುಕೊಳ್ಳುತ್ತಾನೆ, ಇರಲಿ. ಮುತ್ತು ಒಡೆದರೆ ಪತ್ತಾರನೂ ಕೈ ಚೆಲ್ಲುತ್ತಾನೆ. ಮುತ್ತು ಹೋಗುವುದು ಅಂದರೆ ಇಲ್ಲವಾಗುವುದು. ಮಾತು ಮಾತ್ರ ಬಸ್ಸು ಹೋದ ಹಾಗೆ ಹೋಗುತ್ತದೆ, ಯಾರದೋ ಕಿವಿಯಲ್ಲಿ ಇಳಿಯುತ್ತದೆ. ಅತ್ತಿಯ ಕಿವಿಯಲ್ಲಿ ಇಳಿದದ್ದು ಆಕೆ ಇರುವ ತನಕ ಅಲ್ಲೇ ಇತ್ತು.

ಇದು ನನಗೆ ಹೊಳೆದದ್ದು ಪಾಲ್ ಶೆರ್ವೆನ್ ಹೋದ ಸುದ್ದಿ ಓದಿದಾಗ. ನಮ್ಮ ಕಡೆ ಈ ಹೆಸರು ಕೇಳಿದವರು ಕಡಿಮೆ. ಟೂರ್ ದ ಫ್ರಾನ್ಸ್ ಎಂಬ ದೊಡ್ಡ ಸೈಕಲ್ ರೇಸಿಗೆ ಟಿವಿಯಲ್ಲಿ ಇಂಗ್ಲಿಷ್ ವೀಕ್ಷಕ ವಿವರಣೆ ಕೊಡುತ್ತಿದ್ದವರು. 1986ರಿಂದ 2018ರವರೆಗೆ ಸತತ 33 ಟೂರ್, ಎಲ್ಲವೂ ಫಿಲ್ ಲಿಗೆಟ್ ಎಂಬ ಹಿರಿಯರ ಪಕ್ಕದ ಕುರ್ಚಿಯಲ್ಲಿ. 2018ರ ಡಿಸೆಂಬರ್ 2ರಂದು ಉಗಾಂಡಾದ ಕಂಪಾಲಾದ ತಮ್ಮ ಮನೆಯಲ್ಲಿ ನಿದ್ದೆಯಲ್ಲೇ ತೀರಿಕೊಂಡರು. ವಯಸ್ಸು 62. ಅದೇ ವರ್ಷ ಸೆಪ್ಟೆಂಬರಿನಲ್ಲಿ ನಮ್ಮ ಜಸ್‌ದೇವ್ ಸಿಂಗ್ ಹೋಗಿದ್ದರು. 1975ರ ಹಾಕಿ ವಿಶ್ವಕಪ್ಪನ್ನು ಅವರ ಹಿಂದಿಯಲ್ಲಿ, ಅರ್ಧ ತಿಳಿದು ಅರ್ಧ ತಿಳಿಯದೆ, ಓಣಿಯ ಒಂದೇ ರೇಡಿಯೋದ ಸುತ್ತ ಕೂತು ಗೆದ್ದವರು ನಾವು.

ಶೆರ್ವೆನ್ ದನಿ ನನ್ನ ಕಿವಿಗೆ ಬಿದ್ದದ್ದು ಅವರ ಕೊನೆಯ ಟೂರ್‌ನಲ್ಲೇ. 2018ರ ಜುಲೈನಲ್ಲಿ ಶಿಕಾಗೋ ಹತ್ತಿರ ಮಗಳ ಮನೆಯಲ್ಲಿದ್ದೆ. ಬೆಳಗಿನ ಐದಕ್ಕೆ ಎಚ್ಚರವಾಗುವ ಚಟ ವಿಮಾನ ಹತ್ತಿ ನನ್ನ ಸಂಗಡವೇ ಬಂದಿತ್ತು. ಚಹಾ ಮಾಡಿಕೊಂಡು, ಮೊಮ್ಮಗು ಏಳದಿರಲಿ ಎಂದು ದನಿ ಸಣ್ಣದು ಮಾಡಿ ಟಿವಿ ಹಚ್ಚಿದರೆ ಫ್ರಾನ್ಸಿನಲ್ಲಿ ಮಧ್ಯಾಹ್ನ, ರಸ್ತೆ ತುಂಬ ಸೈಕಲ್ಲು. ಆ ವರ್ಷ 22 ತಂಡ, ತಂಡಕ್ಕೆ ಎಂಟು ಮಂದಿ, 176 ಸವಾರರು, 21 ದಿನದ ಓಟ. ದಿನಕ್ಕೆ ನಾಲ್ಕೈದು ತಾಸು. ಬಹಳ ಹೊತ್ತು ಏನೂ ಆಗುವುದಿಲ್ಲ. ಏನೂ ಆಗದ ಹೊತ್ತಿನಲ್ಲಿ ಇಬ್ಬರು ಗಂಡಸರು ಕಟ್ಟೆಯ ಮೇಲೆ ಕೂತವರ ಹಾಗೆ ಮಾತಾಡುತ್ತಿದ್ದರು. ಒಬ್ಬರದು ರೇಸು ಬಿಸಿಯಾದಾಗ ಏರುವ ದನಿ, ಅದು ಲಿಗೆಟ್. ಇನ್ನೊಬ್ಬರದು ಆರಾಮದ ದನಿ, ಈ ಹುಡುಗನ ಕಾಲು ಈಗ ಯಾಕೆ ಭಾರವಾಗಿದೆ ಎಂದು ಹೇಳುವುದು. ಅಳಿಯ ಎದ್ದು ಬಂದು, ‘ಮಾವಾ, ನಿಮಗ ಇದೇನ್ ತಿಳೀತೈತಿ?’ ಅಂದ. ‘ರೇಸು ತಿಳ್ಯಾಂಗಿಲ್ಲೋ ಮಾರಾಯಾ, ಮಾತು ತಿಳೀತೈತಿ’ ಅಂದೆ.

ಕಾಲು ಯಾಕೆ ಭಾರವಾಗುತ್ತದೆ ಎಂಬುದು ಶೆರ್ವೆನ್‌ಗೆ ಪುಸ್ತಕದಿಂದ ಗೊತ್ತಾದದ್ದಲ್ಲ. ಹುಟ್ಟಿದ್ದು ಇಂಗ್ಲೆಂಡಿನ ವಿಡ್ನೆಸ್‌ನಲ್ಲಿ, ಬೆಳೆದದ್ದು ಉಗಾಂಡಾದಲ್ಲಿ, 1978ರಿಂದ ವೃತ್ತಿ ಸವಾರ. ಟೂರ್‌ಗೆ ಏಳು ಸಲ ಇಳಿದು ಐದು ಸಲ ಪೂರೈಸಿದವರು. ಗೆಲ್ಲುವವರ ಸಾಲಿನವರಲ್ಲ. ಸೈಕಲ್ ತಂಡದಲ್ಲಿ ನಾಯಕ ಒಬ್ಬ. ಉಳಿದವರು ಅವನಿಗೆ ಗಾಳಿ ತಡೆಯುತ್ತ ಮುಂದೆ ಓಡಿಸುವವರು, ಹಿಂದೆ ಕಾರಿನ ತನಕ ಹೋಗಿ ನೀರಿನ ಬಾಟಲಿ ತಂದುಕೊಡುವವರು. ಇವರಿಗೆ ಫ್ರೆಂಚಿನಲ್ಲಿ ‘ದೊಮೆಸ್ತೀಕ್’ ಅನ್ನುತ್ತಾರೆ, ಮನೆಯಾಳು ಎಂದೇ ಅರ್ಥ. ಶೆರ್ವೆನ್ ಅಂಥ ಆಳು.

1985ರ ಟೂರ್‌ನ ಹತ್ತನೆಯ ಹಂತ, ಎಪಿನಾಲ್‌ದಿಂದ ಪೊಂತಾರ್ಲಿಯೆಗೆ, 200 ಕಿಲೋಮೀಟರ್‌ಗೂ ಹೆಚ್ಚು. ಹೊರಟು ಇನ್ನೂ ಒಂದು ಕಿಲೋಮೀಟರ್ ಆಗಿರಲಿಲ್ಲ, ಶೆರ್ವೆನ್ ಬಿದ್ದರು. ಬೆನ್ನಿಗೆ ಪೆಟ್ಟು. ಸಂಗಾತಿಗಳು ಕಾಯಲು ನಿಂತರು. ಎಷ್ಟು ಹೊತ್ತು ಕಾಯ್ದಾರು? ಅವರ ಓಟವೂ ಕೆಡುತ್ತಿತ್ತು, ಮುಂದೆ ಹೋದರು. ಉಳಿದ ದಾರಿಯನ್ನು ಈ ಮನುಷ್ಯ ಬಹುಪಾಲು ಒಬ್ಬನೇ ತುಳಿದ. ಆರು ತಾಸಿನ ಮೇಲೆ. ಗೆದ್ದವನು ಗೆರೆ ದಾಟಿ ಒಂದು ತಾಸು ಕಳೆದ ಮೇಲೆ ಇವರು ಬಂದು ಮುಟ್ಟಿದರು. ಗೆದ್ದವನಿಗಿಂತ ಇಷ್ಟು ಹೊತ್ತಿನ ಒಳಗೆ ಬರಬೇಕು, ಇಲ್ಲದಿದ್ದರೆ ರೇಸಿನಿಂದ ಹೊರಗೆ ಎಂದು ಟೂರ್‌ನಲ್ಲಿ ನಿಯಮವಿದೆ. ಆ ಗಡುವು ಎಂದೋ ದಾಟಿತ್ತು. ಪಂಚರು ಕೂತು ಯೋಚಿಸಿ, ನಾಳೆಯೂ ಓಡಿಸಲಿ ಬಿಡಿ ಅಂದರು. ಮರುದಿನ ಓಡಿಸಿದರು. ಪ್ಯಾರಿಸನ್ನೂ ಮುಟ್ಟಿದರು.

ಮೈಕಿನ ಮುಂದೆ ಅವರು ಹುಟ್ಟಿಸಿದ ಮಾತುಗಳೆಲ್ಲ ಈ ಒಂದು ದಿನದಿಂದ ಬಂದವು ಅಂದರೆ ಹೆಚ್ಚು ಹೇಳಿದಂತೆ. ಆದರೆ ಒಂದು ಮಾತಂತೂ ಅಲ್ಲಿಯದೇ ಇರಬೇಕು ಎಂದು ನನ್ನ ಗುಮಾನಿ. ಗುಡ್ಡದ ಏರಿನಲ್ಲಿ ಕಾಲು ಸೋತ ಸವಾರ ಮತ್ತೆ ಎದ್ದು ಪೆಡಲ್ ಒತ್ತಿದರೆ, ಇವ ಈಗ ತನ್ನ ಧೈರ್ಯದ ಸೂಟ್‌ಕೇಸಿಗೆ ಕೈ ಹಾಕಿದ್ದಾನೆ ಅನ್ನುತ್ತಿದ್ದರು. ಕೇಳಿದ ಮುಂಜಾನೆ ನನಗೆ ನಗು ಬಂತು. ಆಮೇಲೆ ಹಾಸ್ಟೆಲ್ ದಿನಗಳ ತಗಡಿನ ಟ್ರಂಕು ನೆನಪಾಯಿತು. ಅದರ ತಳದಲ್ಲಿ, ಹಾಸಿದ ಹಳೆಯ ಸಂಯುಕ್ತ ಕರ್ನಾಟಕದ ಹಾಳೆಯ ಕೆಳಗೆ, ಅಪ್ಪ ಇಟ್ಟ ಹತ್ತು ರೂಪಾಯಿ ನೋಟು ಇರುತ್ತಿತ್ತು. ಅದು ಖರ್ಚಿಗಲ್ಲ. ಎಲ್ಲ ತೀರಿದ ಮೇಲೆ ಕೈ ಹಾಕಲಿಕ್ಕೆ. ಇಂಗ್ಲೆಂಡಿನ ಆ ಸವಾರ ಹೇಳಿದ್ದು ಇದನ್ನೇ.

ಇನ್ನೊಂದು ಅವರ ರೂಢಿ. ಹೆಲಿಕಾಪ್ಟರಿನ ಕ್ಯಾಮೆರಾ ರೇಸು ಬಿಟ್ಟು ಯಾವುದೋ ಕೋಟೆಯನ್ನೋ ಇಗರ್ಜಿಯನ್ನೋ ತೋರಿಸಿದರೆ, ಅದನ್ನು ಯಾರು ಕಟ್ಟಿಸಿದರು, ಯಾವ ಶತಮಾನ, ಯಾವ ದೊರೆ ಅಲ್ಲಿ ಮುನಿದು ಕೂತಿದ್ದ, ಎಲ್ಲ ಹೇಳುತ್ತಿದ್ದರು. ಸಂಘಟಕರು ಕೊಡುವ ಕೈಪಿಡಿಯಲ್ಲಿ ಅದೆಲ್ಲ ಇರುತ್ತದೆ, ಓದುವುದೇನು ದೊಡ್ಡದಲ್ಲ ಎಂದು ಗೇಲಿ ಮಾಡಿದವರೂ ಇದ್ದರು. ನನಗೆ ಮಾತ್ರ ಊರು ನೆನಪಾಗುತ್ತಿತ್ತು. ನಮ್ಮ ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿ ಚಾಲುಕ್ಯರ ಕಾಲದ್ದು. ನಾಲ್ಕು ದಿಕ್ಕಿಗೂ ಬಾಗಿಲು, ಒಳಗೆ ನಾಲ್ಕು ಮುಖದ ಲಿಂಗ. ದಿನಾ ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಹೋಗಿ ಬರುವವರಲ್ಲಿ ಎಷ್ಟು ಜನ ಒಳಗೆ ಕಾಲಿಟ್ಟಿದ್ದಾರೋ. ಟೂರ್ ಎಂದಾದರೂ ಈ ದಾರಿ ಹಿಡಿದಿದ್ದರೆ ಕೆರೆ, ಕೆರೆಯ ನಡುವಿನ ವಿವೇಕಾನಂದ, ಆಮೇಲೆ ಈ ಗುಡಿ, ಎಲ್ಲವನ್ನೂ ಶೆರ್ವೆನ್ ಜಗತ್ತಿಗೆ ಹೇಳಿಯೇ ಮುಂದೆ ಹೋಗುತ್ತಿದ್ದರು. ಹೆಸರನ್ನು ಹೇಗೆ ಉಚ್ಚರಿಸುತ್ತಿದ್ದರೋ, ಅದು ಬೇರೆ ಮಾತು.

ಗಾದೆಯ ಹಳೆಯ ಅರ್ಥಕ್ಕೂ ಇಲ್ಲಿ ಜಾಗ ಕೊಡಲೇಬೇಕು, ಇಲ್ಲದಿದ್ದರೆ ಅವ್ವ ಒಪ್ಪುವುದಿಲ್ಲ. ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ 1999ರಿಂದ 2005ರವರೆಗೆ ಏಳು ಟೂರ್ ಗೆದ್ದಾಗ ಆ ಗೆಲುವಿಗೆಲ್ಲ ಈ ಜೋಡಿಯ ದನಿಯೇ ತೋರಣ ಕಟ್ಟಿತ್ತು. ಆರ್ಮ್‌ಸ್ಟ್ರಾಂಗ್ ಇನ್ನೂ ಹುಡುಗನಾಗಿ ಮೋಟೊರೋಲಾ ತಂಡದಲ್ಲಿದ್ದಾಗ ಅಲ್ಲಿ ಪ್ರಚಾರದ ಕೆಲಸ ನೋಡುತ್ತಿದ್ದವರು ಶೆರ್ವೆನ್. ಸಲಿಗೆ ಹಳೆಯದು. 2012ರಲ್ಲಿ ಏಳೂ ಕಿರೀಟ ಕಿತ್ತುಕೊಂಡರು, 2013ರ ಜನವರಿಯಲ್ಲಿ ಮದ್ದು ತಗೊಂಡದ್ದು ನಿಜವೆಂದು ಅವನೇ ಒಪ್ಪಿದ. ಕಿರೀಟ ಕಿತ್ತುಕೊಳ್ಳಬಹುದು, ಪಟ್ಟಿಯಿಂದ ಹೆಸರು ಅಳಿಸಬಹುದು. ಏಳು ಬೇಸಿಗೆ ಹೊಗಳಿದ ಮಾತನ್ನು ಯಾವ ಸಮಿತಿ ವಾಪಸು ತರುತ್ತದೆ? ಇವರು ಅವನಿಗೆ ತೀರ ಹತ್ತಿರವಿದ್ದರು ಎಂಬ ಟೀಕೆ ಬಂತು. ಟೀಕೆ ಸರಿ ಅಂತಲೇ ನನಗೂ ಅನ್ನಿಸುತ್ತದೆ. ಎದುರಿಗೆ ಕಾಣುವುದನ್ನು ಹೇಳುವವನಿಗೆ ಪ್ರೀತಿ ಹೆಚ್ಚಾದರೆ ಕಣ್ಣು ಮಂದವಾಗುತ್ತದೆ. ಆದರೂ ಮೂವತ್ತಮೂರು ವರ್ಷ, ವರ್ಷಕ್ಕೆ ಮೂರು ವಾರ, ದಿನಕ್ಕೆ ನಾಲ್ಕೈದು ತಾಸು, ಅಳಿಸಿ ಬರೆಯಲು ಆಸ್ಪದವೇ ಇಲ್ಲದ ಹಾಗೆ ಮಾತಾಡಿದವರ ಲೆಕ್ಕದಲ್ಲಿ ಒಡೆದ ಮುತ್ತು ಎಷ್ಟು ಎಂದು ಎಣಿಸುವಾಗ, ಬರೆದದ್ದನ್ನು ನಾಲ್ಕು ಸಲ ತಿದ್ದುವ ನನ್ನಂಥವನು ಸ್ವಲ್ಪ ತಗ್ಗಿ ಕೂರಬೇಕು.

ನೇರ ವಿವರಣೆಯ ಕಷ್ಟ ನನಗೆ ಗೊತ್ತಿದೆ. ಮೈಕ್ ಹಿಡಿದವನಾಗಿ ಅಲ್ಲ, ಮೈಕಿನವರ ಬಾಯಿಗೆ ಬಿದ್ದವನಾಗಿ. ಎಪ್ಪತ್ತರ ದಶಕದಲ್ಲಿ ನಮ್ಮ ಕಡೆ ಸೈಕಲ್ ಶರ್ಯತ್ತು ನಡೆಯುತ್ತಿತ್ತು. ಕೆರೆ ದಂಡೆಯಿಂದ ಹೊರಟು ಭೈರಿದೇವರಕೊಪ್ಪ, ರಾಯಾಪುರ, ಸತ್ತೂರು ದಾಟಿ ನವಲೂರಿನ ಏರು ಹತ್ತಿ ತಿರುಗಿ ಬರಬೇಕು. ಹದಿನಾಲ್ಕರ ನಾನು ತಾಸಿಗೆ ನಾಕಾಣೆಯ ಬಾಡಿಗೆ ಸೈಕಲ್ ತಗೊಂಡು ನಿಂತಿದ್ದೆ. ದೊಡ್ಡವರ ಸೈಕಲ್ಲು, ಸೀಟಿನ ಮೇಲೆ ಕೂತರೆ ಪೆಡಲ್ ಅರ್ಧ ಸುತ್ತಿಗಷ್ಟೇ ಕಾಲಿಗೆ ಸಿಗುತ್ತಿತ್ತು. ದಂಡೆಯ ಮೇಲೆ ಒಂದು ಎತ್ತಿನ ಬಂಡಿ, ಅದರಲ್ಲಿ ಬ್ಯಾಟರಿ, ಎರಡು ಭೋಂಗಾ, ಮತ್ತೆ ನಾವು ಕಾಕಾ ಅನ್ನುತ್ತಿದ್ದ ಮೈಕಿನವರು.

ಮಜಾ ಅಂದರೆ ಕಾಕಾಗೆ ರೇಸು ಕಾಣುತ್ತಲೇ ಇರಲಿಲ್ಲ. ಶರ್ಯತ್ತು ನವಲೂರಿನಲ್ಲಿ, ಇವರು ಉಣಕಲ್ಲಿನಲ್ಲಿ. ಯಾರೋ ಮೋಟರ್‌ಸೈಕಲ್ ಮೇಲೆ ಬಂದು ಕಿವಿಯಲ್ಲಿ ಹೇಳಿದ ಒಂದು ವಾಕ್ಯವನ್ನು ಹತ್ತು ನಿಮಿಷ ಎಳೆಯುತ್ತಿದ್ದರು. ‘ಬಂದಾನಪಾ ಬಂದಾನ, ಗೋಪನಕೊಪ್ಪದ ಹುಲಿ ಏರು ಇಳದಾನ!’ ಜನ ಕುತ್ತಿಗೆ ಚಾಚಿ ಖಾಲಿ ರಸ್ತೆ ನೋಡುತ್ತಿದ್ದರು. ಶೆರ್ವೆನ್, ಲಿಗೆಟ್ ಕೂಡ ಗೆರೆಯ ಪಕ್ಕದ ಡಬ್ಬಿಯಂಥ ಕೋಣೆಯಲ್ಲಿ ಕೂತು ನಾವು ನೋಡುವ ಅದೇ ಚಿತ್ರವನ್ನು ಟಿವಿಯಲ್ಲಿ ನೋಡಿ ಮಾತಾಡುತ್ತಿದ್ದರು ಎಂದು ಓದಿದಾಗ ನನಗೆ ನೆನಪಾದದ್ದು ಕಾಕಾನ ಬಂಡಿ.

ಸತ್ತೂರಿನ ಹತ್ತಿರ ನನ್ನ ಚೈನು ಕಳಚಿತು. ಕೈಯೆಲ್ಲ ಎಣ್ಣೆ. ಹಚ್ಚಿದೆ, ಮತ್ತೆ ಕಳಚಿತು. ಕೊನೆಗೆ ಇಳುಕಲು ಬಂದಲ್ಲಿ ಹತ್ತಿ ಕೂಡುವುದು, ಏರು ಬಂದಲ್ಲಿ ಇಳಿದು ದಬ್ಬುವುದು. ಕೆರೆ ಮುಟ್ಟುವಾಗ ಹೊತ್ತು ಮುಳುಗಿತ್ತು. ಗೆದ್ದವನಿಗೆ ಹಾಕಿದ ಹಾರದ ಹೂವು ರಸ್ತೆಯ ಮೇಲೆ ಬಿದ್ದಿತ್ತು, ಚುರುಮುರಿ ಅಂಗಡಿಯವ ಕಂದೀಲು ಹಚ್ಚಿದ್ದ. ಭೋಂಗಾ ಬಿಚ್ಚಿ ಕೆಳಗಿಟ್ಟಾಗಿತ್ತು. ಕಾಕಾ ನನ್ನನ್ನು ನೋಡಿದರು, ಬಂಡಿಯವನಿಗೆ ಏನೋ ಅಂದರು, ಒಂದು ಭೋಂಗಾ ಮತ್ತೆ ಮೇಲೇರಿತು. ಬ್ಯಾಟರಿ ಇಳಿದಿತ್ತು, ದನಿ ಗೊರಗೊರ ಅನ್ನುತ್ತಿತ್ತು. ನಮ್ಮಪ್ಪನ ಹೆಸರು ಹೇಳಿ, ಇಂಥವರ ಮಗ ಬಂದ ಅಂತ ಸುರು ಮಾಡಿ, ಒಂದೆರಡು ನಿಮಿಷ ನನ್ನ ಮೇಲೆ ಮಾತಾಡಿದರು. ಕೇಳಲಿಕ್ಕೆ ಇದ್ದವರು ಚುರುಮುರಿಯವ, ಎರಡು ಎತ್ತು, ನಾನು.

ಏನು ಹೇಳಿದರು ಎಂಬುದು ಈಗ ಒಂದು ಶಬ್ದವೂ ನೆನಪಿಲ್ಲ. ಎಷ್ಟು ತಿಣುಕಿದರೂ ಬರುವುದಿಲ್ಲ, ಅದು ಹೋಯಿತು. ಗೊರಗೊರ ಮಾತ್ರ ಇದೆ. ಕಾಕಾ ಹೋಗಿ ಎಷ್ಟೋ ವರ್ಷವಾಯಿತು. ಅವ್ವನೂ ಹೋದಳು. ಕೆರೆಯಿಂದ ಹೊರಡುವ ಉಣಕಲ್ ನಾಲಾದ ದಂಡೆಗೆ ಈಗ ಸ್ಮಾರ್ಟ್ ಸಿಟಿಯವರು ಸೈಕಲ್ಲಿಗೆಂದೇ ದಾರಿ ಮಾಡಿದ್ದಾರೆ, ಮುಂಜಾನೆ ಹೆಲ್ಮೆಟ್ ಹಾಕಿದ ಹುಡುಗರು ಕಾಣುತ್ತಾರೆ. 2019ರ ಜುಲೈನಲ್ಲಿ ಲಿಗೆಟ್ ಮತ್ತೆ ಮೈಕಿನ ಮುಂದೆ ಕೂತರು, ಪಕ್ಕದ ಕುರ್ಚಿಯಲ್ಲಿ ಬಾಬ್ ರೋಲ್ ಎಂಬ ಇನ್ನೊಬ್ಬ ಹಳೆಯ ಸವಾರ. ಟೂರ್ ಪ್ರತಿ ಜುಲೈಗೆ ಬರುತ್ತದೆ. ನೋಡುವವರಿದ್ದರೆ ಒಂದು ವಿನಂತಿ: ಮೊದಲನೆಯವ ಗೆರೆ ದಾಟಿದ ಕೂಡಲೇ ಟಿವಿ ಆರಿಸಬೇಡಿ. ಹಿಂದೆ ಇನ್ನೂ ನೂರೈವತ್ತು ಜನ ಬರುವವರಿರುತ್ತಾರೆ.