ಹೊಸ ಮಾದರಿ ಬಂದಾಗ ಹಳೆಯದನ್ನು ಕೊಂಡವನ ಪಾಡು

ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮ್ ಯಂತ್ರಗಳ ಹೊಸ ಮಾದರಿ ಎಷ್ಟು ವರ್ಷಕ್ಕೊಮ್ಮೆ ಬರಬೇಕು? ಇದು ಮಕ್ಕಳಾಟದ ಮಾತೆಂದು ಪುಟ ಮಗುಚಬೇಡಿ. ಕಾಸು ಕೂಡಿಟ್ಟು ಕೊಂಡವನಿಗೆ ಮಾರಿದವನು ಎಷ್ಟು ಕಾಲ ಋಣಿಯಾಗಿರಬೇಕು ಎಂಬ ನೈತಿಕ ಪ್ರಶ್ನೆ ಇದರೊಳಗೆ ಅಡಗಿದೆ.

ಜಪಾನಿನ ನಿಂಟೆಂಡೊ ಕಂಪನಿಯ ಗೇಮ್ ಬಾಯ್ ಬಂದದ್ದು 1989ರಲ್ಲಿ. 1996ರಲ್ಲಿ ಅದೇ ಯಂತ್ರ ಚಿಕ್ಕದಾಗಿ, ತೆಳ್ಳಗಾಗಿ ಮತ್ತೆ ಬಂತು. ಇದರಿಂದ ಯಾರಿಗೂ ನಷ್ಟವಾಗಲಿಲ್ಲ. ಹಳೆಯ ಯಂತ್ರದಲ್ಲಿ ಆಡಲಾಗದ ಆಟಗಳು ಬಂದದ್ದು 1998ರ ಬಣ್ಣದ ಪರದೆಯ ಮಾದರಿಯೊಂದಿಗೆ, ಅಂದರೆ ಒಂಬತ್ತು ವರ್ಷಗಳ ನಂತರ. ಆಗಲೂ ಹಳೆಯ ಟೆಟ್ರಿಸ್ ಕಾರ್ಟ್ರಿಜ್ ಹೊಸ ಯಂತ್ರದಲ್ಲಿ ನಡೆಯುತ್ತಿತ್ತು. ಅದೇ ಕಂಪನಿ 2011ರಲ್ಲಿ 3ಡಿಎಸ್ ಮಾರಿ, 2014ರಲ್ಲೇ ಜಪಾನಿನಲ್ಲಿ ಹೆಚ್ಚು ವೇಗದ 'ನ್ಯೂ 3ಡಿಎಸ್' ತಂದಿತು. 2015ರಲ್ಲಿ ಬಂದ ಝೆನೋಬ್ಲೇಡ್ ಕ್ರಾನಿಕಲ್ಸ್ 3ಡಿ ಎಂಬ ಆಟ ಹೊಸದರಲ್ಲಿ ಮಾತ್ರ ನಡೆಯಿತು. ನಾಲ್ಕು ವರ್ಷದ ಹಿಂದೆ ಕೊಂಡವನ ಮುಖಕ್ಕೆ ಬಾಗಿಲು ಹಾಕಿದಂತಾಯಿತು.

ಹಾಗಾದರೆ ವರ್ಷಗಳ ಲೆಕ್ಕವೇ ಅಳತೆಗೋಲೇ? ಅಲ್ಲ. ಅಮೆರಿಕದ ವಾಲ್ವ್ ಕಂಪನಿಯ ಸ್ಟೀಮ್ ಡೆಕ್ 2022ರ ಫೆಬ್ರವರಿಯಲ್ಲಿ ಬಂತು. ಒಳ್ಳೆಯ ಪರದೆ, ದೊಡ್ಡ ಬ್ಯಾಟರಿಯ ಮಾದರಿ 2023ರ ನವೆಂಬರ್‌ನಲ್ಲೇ ಬಂತು. ಎರಡು ವರ್ಷವೂ ಆಗಿರಲಿಲ್ಲ. ಆದರೂ ಎರಡರಲ್ಲೂ ಅವೇ ಆಟಗಳು, ಹೆಚ್ಚುಕಡಿಮೆ ಅದೇ ವೇಗ. ಇಂಥದ್ದು ವರ್ಷಕ್ಕೊಮ್ಮೆ ಬಂದರೂ ನನ್ನ ತಕರಾರಿಲ್ಲ (ಆಸೆಯ ವಿಚಾರ ಬೇರೆ). ಹಳಬರನ್ನು ಹೊರಗಿಡುವ ಮಾದರಿ ಮಾತ್ರ ಏಳೆಂಟು ವರ್ಷವಾದರೂ ಕಾಯಬೇಕು.

ಆದರೆ ಹೊಸ ಪರದೆಯ ಆ ಸ್ಟೀಮ್ ಡೆಕ್ಕಿನ ಸುದ್ದಿ ಹೊರಬಿದ್ದದ್ದು ಮಾರಾಟಕ್ಕೆ ಒಂದು ವಾರ ಮುಂಚೆ. ಹಿಂದಿನ ತಿಂಗಳಷ್ಟೇ ಹಳೆಯದನ್ನು ಕೊಂಡವನ ಗತಿಯೇನು? ರೋಮಿನ ಸಿಸೆರೊ ಇಂಥದ್ದೇ ಒಂದು ಪ್ರಸಂಗವನ್ನು ಚರ್ಚಿಸಿದ್ದಾನೆ. ಬರಗಾಲದ ರೋಡ್ಸ್ ದ್ವೀಪಕ್ಕೆ ವ್ಯಾಪಾರಿಯೊಬ್ಬ ಧಾನ್ಯ ತರುತ್ತಾನೆ; ಹಿಂದೆಯೇ ಬೇರೆ ಹಡಗುಗಳೂ ಬರುತ್ತಿರುವುದು ಅವನಿಗೆ ಗೊತ್ತು. ಕೊಳ್ಳುವವರಿಗೆ ಅದನ್ನು ತಿಳಿಸಬೇಕೇ? ಸಂತ ಥಾಮಸ್ ಅಕ್ವಿನಾಸರೂ ಇದನ್ನು ಎತ್ತಿಕೊಂಡು, ನ್ಯಾಯದ ದೃಷ್ಟಿಯಿಂದ ತಿಳಿಸಲೇಬೇಕೆಂದಿಲ್ಲ, ತಿಳಿಸಿದರೆ ಅಥವಾ ಬೆಲೆ ಇಳಿಸಿದರೆ ಅದು ಹೆಚ್ಚಿನ ಸದ್ಗುಣ ಎಂದರು. ಆದರೆ ಒಂದು ವ್ಯತ್ಯಾಸವನ್ನು ಗಮನಿಸಿ. ಅಲ್ಲಿ ಹಿಂದೆ ಬರುತ್ತಿದ್ದದ್ದು ಬೇರೆಯವರ ಹಡಗು. ಇಲ್ಲಿ ಎರಡನೆಯ ಹಡಗೂ ಅದೇ ವ್ಯಾಪಾರಿಯದು. ಅದು ಬಂದು ಸೇರುವ ದಿನವನ್ನು ಗೊತ್ತುಮಾಡುವವನೂ ಅವನೇ. ಅವನ ಮೌನವನ್ನು ಅಷ್ಟು ಹಗುರವಾಗಿ ಬಿಡಲು ನನಗೆ ಮನಸ್ಸಿಲ್ಲ.

ಮೊದಲೇ ಹೇಳಿದರೆ ಹಳೆಯ ಸರಕು ಉಳಿದುಬಿಡುತ್ತದೆ ಎಂಬ ವ್ಯಾಪಾರಿಗಳ ಭಯ ಸುಳ್ಳಲ್ಲ. ಅದಕ್ಕೆ ಅಕ್ವಿನಾಸರು ಹೇಳಿದ ಎರಡನೆಯ ದಾರಿ ಇದೆ, ಬೆಲೆ ಇಳಿಸಲಿ. ನಿಂಟೆಂಡೊ ಕೂಡ ತನ್ನ 2017ರ ಸ್ವಿಚ್ ಯಂತ್ರಕ್ಕೆ ಉತ್ತರಾಧಿಕಾರಿ ಇದೆಯೆಂದು 2024ರ ಮೇ ತಿಂಗಳಲ್ಲೇ ಒಪ್ಪಿಕೊಂಡಿತು. ಸ್ವಿಚ್ 2 ಅಂಗಡಿಗೆ ಬಂದದ್ದು 2025ರ ಜೂನ್ 5ರಂದು.